ಅರಿವಳಿಕೆಯ ಹನಿಗೆ ಬೆಳಕಿನ ಪರೀಕ್ಷೆ

ಕಣ್ಣಿಗೆ ಬಿದ್ದ ಕಸ ತೆಗೆಯುವ ಮೊದಲು ವೈದ್ಯರು ಒಂದೆರಡು ಹನಿ ಔಷಧಿ ಹಾಕುವುದನ್ನು ನೀವು ನೋಡಿರಬಹುದು. ಸ್ವಲ್ಪ ಹೊತ್ತಿನಲ್ಲೇ ಕಣ್ಣಿನ ಮೇಲ್ಮೈ ಮರಗಟ್ಟುತ್ತದೆ. ಇದೇ ಸ್ಥಳೀಯ ಅರಿವಳಿಕೆ. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಇದಕ್ಕೆ ಕೊಕೇನ್ ದ್ರಾವಣ ಬಳಸಿದರು. ಇಂದು ಪ್ರೊಪರಾಕೇನ್‌ನಂಥ ಔಷಧಿಗಳಿವೆ.

ನೋವನ್ನು ಅಡಗಿಸುವ ಹನಿಯೇ ಕಣ್ಣಿಗೆ ಹಾನಿ ಮಾಡಿದರೆ? ಆ ಹಾನಿಯೂ ನೋಯುವುದಿಲ್ಲ! ಆದ್ದರಿಂದ ಇಂಥ ಔಷಧಿಯನ್ನು ಮೊದಲೇ ಪರೀಕ್ಷಿಸಬೇಕು.

1944ರಲ್ಲಿ ಅಮೆರಿಕದ ಜಾನ್ ಡ್ರೇಜ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನದಲ್ಲಿ ವಸ್ತುವನ್ನು ಜೀವಂತ ಮೊಲದ ಕಣ್ಣಿಗೆ ಹಾಕಿ, ಕೆಂಪು, ಊತ, ಮಸುಕುಗಳಿಗೆ ಅಂಕ ಕೊಡುತ್ತಿದ್ದರು. ಮೊಲಕ್ಕೆ ಯಾತನೆ, ಅಂಕವೋ ನೋಡುವವರ ಅಂದಾಜು.

ಇದಕ್ಕೆ ಬದಲಿಯಾಗಿ ಬಂದ ವಿಧಾನಗಳಲ್ಲಿ ಒಂದಕ್ಕೆ 2009ರಲ್ಲಿ ಓಇಸಿಡಿ ಸಂಘಟನೆಯ ಮನ್ನಣೆ ದೊರೆಯಿತು. ಇದರಲ್ಲಿ ಬಳಸುವುದು ಕಸಾಯಿಖಾನೆಯಲ್ಲಿ ಆಹಾರಕ್ಕಾಗಿ ಕೊಂದ ದನಗಳ ಕಣ್ಣಿನ ಕಾರ್ನಿಯ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ.

ಕಾರ್ನಿಯ ಪಾರದರ್ಶಕವಾಗಿರುವುದೇಕೆ? ಅದರೊಳಗಿನ ಕೊಲಾಜೆನ್ ಎಳೆಗಳು ಬೆಳಕಿನ ತರಂಗದೂರಕ್ಕಿಂತ ಬಹಳ ತೆಳು. ಅವುಗಳ ನಡುವಿನ ಅಂತರವೂ ಕ್ರಮಬದ್ಧ. ಹೀಗಾಗಿ ಪಕ್ಕಕ್ಕೆ ಚದರಿದ ತರಂಗಗಳು ಒಂದನ್ನೊಂದು ಅಳಿಸುತ್ತವೆ. ಬೆಳಕು ನೇರ ಸಾಗುತ್ತದೆ. ಹಾನಿಗೊಂಡ ಕಾರ್ನಿಯ ನೀರು ಹೀರಿ ಊದಿಕೊಂಡರೆ ಈ ಕ್ರಮ ಕೆಟ್ಟು, ಬೆಳಕು ಚದರಿ, ಪೊರೆ ಬೆಳ್ಳಗಾಗುತ್ತದೆ.

ಪರೀಕ್ಷೆ ಹೀಗೆ: ಕಾರ್ನಿಯದ ಮೇಲೆ ದ್ರವವನ್ನು 32 ಡಿಗ್ರಿ ಸೆಲ್ಸಿಯಸ್‌ನಲ್ಲಿ 10 ನಿಮಿಷ ಇರಿಸಿ, ತೊಳೆದು, 2 ಗಂಟೆ ಬಿಡುತ್ತಾರೆ. ನಂತರ ಎಷ್ಟು ಬೆಳಕು ದಾಟುತ್ತದೆಂದು ಅಳೆದು ಮಸುಕಿನ ಅಂಕ ಪಡೆಯುತ್ತಾರೆ. ಆಮೇಲೆ ಫ್ಲೋರೆಸೀನ್ ಬಣ್ಣ ಸುರಿದು, 90 ನಿಮಿಷದಲ್ಲಿ ಎಷ್ಟು ಸೋರಿತೆಂದು 490 ನ್ಯಾನೊಮೀಟರ್ ಬೆಳಕಿನಲ್ಲಿ ಅಳೆಯುತ್ತಾರೆ. ಹೊರಪದರ ಕೆಟ್ಟಿದ್ದರೆ ಸೋರಿಕೆ ಹೆಚ್ಚು. ಈ ಅಳತೆಯನ್ನು 15ರಿಂದ ಗುಣಿಸಿ ಮಸುಕಿನ ಅಂಕಕ್ಕೆ ಕೂಡುತ್ತಾರೆ. ಮಸುಕು 2, ಸೋರಿಕೆ 0.05 ಎನ್ನೋಣ, ಮೊತ್ತ 2.75. ಮೊತ್ತ 3ನ್ನು ಮೀರದಿದ್ದರೆ ವಸ್ತುವಿಗೆ ಅಪಾಯದ ಪಟ್ಟಿ ಬೇಕಿಲ್ಲ. 55 ಮೀರಿದರೆ ತೀವ್ರ ಹಾನಿಕಾರಕ.

ಆದರೆ ಅರಿವಳಿಕೆಯ ವಿಷಯದಲ್ಲಿ ಇಷ್ಟೇ ಸಾಲದು. ಪದೇ ಪದೇ ಹಾಕಿದಾಗ ಇವು ಹೊರಪದರದ ಗಾಯ ಮಾಯುವುದನ್ನು ತಡೆಯುತ್ತವೆ. ಕೆಲವೇ ಗಂಟೆಗಳ ಪರೀಕ್ಷೆ ಇದನ್ನು ಕಾಣದು. ಅದಕ್ಕೆ ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಕಾರ್ನಿಯದ ಕೋಶಗಳ ಹಾಳೆಯಲ್ಲಿ ಗೀರು ಎಳೆದು, ಔಷಧಿ ಇದ್ದಾಗ ಅದು ಎಷ್ಟು ಹೊತ್ತಿಗೆ ಮುಚ್ಚುತ್ತದೆಂದು ನೋಡಬಹುದು. ಒಂದೊಂದು ಪ್ರಶ್ನೆಗೆ ಒಂದೊಂದು ಪರೀಕ್ಷೆ. ಮೊಲದ ಸ್ಥಾನವನ್ನು ತುಂಬುವುದು ಇವುಗಳ ಜೋಡಣೆ.

ಈಗ ನಿಮಗೊಂದು ಮಾತು. ಕಣ್ಣು ನೋಯುತ್ತದೆಂದು ಮರಗಟ್ಟಿಸುವ ಹನಿಯ ಸೀಸೆಯನ್ನು ಮನೆಗೆ ಕೇಳಬೇಡಿ. ವೈದ್ಯರು ಕೊಡದಿರುವುದು ಜಿಪುಣತನದಿಂದಲ್ಲ!