ಆಟಿಸಂ ಇದ್ದರೆ ಅದ್ಭುತ ಪ್ರತಿಭೆಯೂ ಇರಲೇಬೇಕೆ?



ಆಟಿಸಂ ಇರುವ ಹುಡುಗನೊಬ್ಬ ಒಮ್ಮೆ ನನ್ನನ್ನು ಕೇಳಿದ: "ಸಾರ್, ಟೀವಿಯಲ್ಲಿ ಬಂದ ಹುಡುಗ ಯಾವ ತಾರೀಕು ಹೇಳಿದ್ರೂ ವಾರ ಹೇಳ್ತಾನೆ. ಅವನಿಗೂ ಆಟಿಸಂ, ನನಗೂ ಆಟಿಸಂ. ನನಗೆ ಬರೀ ಕಷ್ಟ ಮಾತ್ರ ಬಂತಾ?" ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಏಕೆಂದರೆ ಹಿಂದಿನ ವಾರ "ನಿನಗೇನು ವಿಶೇಷ ಬರುತ್ತಪ್ಪಾ?" ಎಂದು ಅವನನ್ನು ಕೇಳಿದ್ದವನು ನಾನೇ. ಅಂದು ಹೇಳಬೇಕಿದ್ದ ಉತ್ತರ ಇದು.

ಆಟಿಸಂ (ಸ್ವಲೀನತೆ) ರೋಗವಲ್ಲ, ಅಂಟುವುದೂ ಇಲ್ಲ. ಅದು ಮಿದುಳಿನ ಬೆಳವಣಿಗೆಯಲ್ಲೇ ಇರುವ ವ್ಯತ್ಯಾಸ. ಮಾತುಕತೆ, ಒಡನಾಟ, ಶಬ್ದ, ಬೆಳಕು ಇವೆಲ್ಲ ಅವರಿಗೆ ಬೇರೆ ರೀತಿ ತಟ್ಟುತ್ತವೆ. ಎಷ್ಟು, ಹೇಗೆ ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ಥರ.

ವಿಶೇಷ ಪ್ರತಿಭೆ ಇರುವವರು ನಿಜವಾಗಿಯೂ ಇದ್ದಾರೆ. ಇಂಗ್ಲೆಂಡಿನ ಸ್ಟೀಫನ್ ವಿಲ್ಟ್‌ಶೈರ್ ಹೆಲಿಕಾಪ್ಟರಿನಿಂದ ನೋಡಿದ ನಗರವನ್ನು ನೆನಪಿನಿಂದಲೇ ಚಿತ್ರಿಸುತ್ತಾರೆ. ಆದರೆ ಆಟಿಸಂ ಇರುವವರಲ್ಲಿ ಇಂಥ ಯಾವುದಾದರೂ ವಿಶೇಷ ಕೌಶಲ ಇರುವವರು ಹತ್ತರಲ್ಲಿ ಒಬ್ಬರು ಎಂಬುದು ಹಳೆಯ ಅಂದಾಜು. ಹತ್ತರಲ್ಲಿ ಸುಮಾರು ಮೂವರು ಎನ್ನುವ ಅಧ್ಯಯನವೂ ಇದೆ. ಯಾವ ಲೆಕ್ಕ ಹಿಡಿದರೂ ಅಂಥ ಕೌಶಲ ಇಲ್ಲದವರೇ ಹೆಚ್ಚು. ಸ್ಟೀಫನ್ ಅವರಂಥವರಂತೂ ತೀರಾ ವಿರಳ.

ಹಾಗಾದರೆ ಎಲ್ಲರಿಗೂ ಪ್ರತಿಭೆ ಇದೆ ಅಂತ ಯಾಕೆ ಅನಿಸುತ್ತೆ? ನಮ್ಮ ಭೈರವಾನಿತಿಪ್ಪ ಜಲಾಶಯವನ್ನೇ ನೋಡಿ. ತುಂಬಿ ಗೇಟು ತೆರೆದ ದಿನ ಫೋಟೋ ತೆಗೆಯೋರು ಬರ್ತಾರೆ. ಆ ಫೋಟೋ ಮಾತ್ರ ಕಂಡವರು ವೇದಾವತಿ ವರ್ಷವಿಡೀ ತುಂಬಿ ಹರಿಯುತ್ತೆ ಅಂದುಕೊಳ್ಳಬಹುದು. ಮರಳಷ್ಟೇ ಕಾಣುವ ಹಗರಿ ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಸಿನಿಮಾ, ಟೀವಿ ಮಾಡುವುದೂ ಇದನ್ನೇ. 1988ರ 'ರೇನ್ ಮ್ಯಾನ್' ಚಿತ್ರದ ನಾಯಕನಿಗೆ ಆಟಿಸಂ, ಜೊತೆಗೆ ಅದ್ಭುತ ನೆನಪು. ಆ ಪಾತ್ರಕ್ಕೆ ಸ್ಫೂರ್ತಿಯಾದ ಕಿಮ್ ಪೀಕ್ ಅವರಲ್ಲಿ (1951–2009) ಮಿದುಳಿನ ಎಡ-ಬಲ ಭಾಗಗಳನ್ನು ಜೋಡಿಸುವ ನರತಂತುಗಳ ಸೇತುವೆಯೇ ಹುಟ್ಟಿನಿಂದ ಇರಲಿಲ್ಲ. ಅವರಿಗಿದ್ದದ್ದು ಆಟಿಸಂ ಅಲ್ಲ ಎಂಬುದು ನಂತರ ತಜ್ಞರು ಕೊಟ್ಟ ಅಭಿಪ್ರಾಯ!

ಇನ್ನು ತಾರೀಕಿನ ಲೆಕ್ಕ. 365ನ್ನು 7ರಿಂದ ಭಾಗಿಸಿ, ಶೇಷ 1. ಅಂದರೆ ಅದೇ ತಾರೀಕು ಮುಂದಿನ ವರ್ಷ ಒಂದು ವಾರ ಮುಂದೆ ಹೋಗುತ್ತೆ. ನಡುವೆ ಫೆಬ್ರವರಿ 29 ಬಂದರೆ ಎರಡು. 1947ರ ಆಗಸ್ಟ್ 15 ಶುಕ್ರವಾರ. 1948ರಲ್ಲಿ? ಭಾನುವಾರ. ಇದನ್ನು ನೀವೂ ಕಲಿಯಬಹುದು, ಆ ಹುಡುಗನೂ ಕಲಿಯಬಹುದು. ಕಲಿಯದಿದ್ದರೂ ನಷ್ಟವಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇದೆ. ನೆರವು ಪಡೆಯಲು ಪ್ರತಿಭೆ ತೋರಿಸಬೇಕು ಎಂದು ಅದರಲ್ಲಿ ಎಲ್ಲೂ ಇಲ್ಲ. ಬೆಂಚಿನ ಮೇಲೆ ಕೂರಲು ನಿಮ್ಮನ್ನು ಯಾರೂ "ಏನು ವಿಶೇಷ ಬರುತ್ತೆ?" ಅಂತ ಕೇಳಲಿಲ್ಲ, ಅಲ್ವಾ?

ನಿಮ್ಮ ತರಗತಿಯಲ್ಲಿ ಅಂಥ ಗೆಳೆಯರಿದ್ದರೆ ಪರೀಕ್ಷೆ ಮಾಡಬೇಡಿ. ಹೇಳುವುದನ್ನು ನೇರವಾಗಿ ಹೇಳಿ. ಗದ್ದಲ ಹಿಂಸೆಯಾದರೆ ಆಚೆ ಕರೆದುಕೊಂಡು ಹೋಗಿ. ಆಟಿಸಂ ಇರುವವರು ನೀವೇ ಆಗಿದ್ದರೆ, ಹೊಟ್ಟೆಕಿಚ್ಚು ಬಂದರೆ ನಾಚಿಕೆ ಬೇಡ, ನನಗೂ ಎಷ್ಟೋ ಸಲ ಬಂದಿದೆ. ಆದರೆ "ಬರೀ ಕಷ್ಟ ಮಾತ್ರ ಬಂತಾ" ಅಂತ ಅನಿಸಿದಾಗ ಆ ಕಷ್ಟವನ್ನು ನಮಗೆ ಹೇಳಿ. ನಾವು ಮೊದಲು ಕೇಳಬೇಕಿದ್ದದ್ದು ಅದನ್ನೇ.