ಥಾಯ್ಲೆಂಡ್‌ನ ಪ್ರಶಾಂತ ಕಡಲತೀರ ಪ್ರವಾಸ ಮತ್ತು ಅಡುಗೆ ತರಗತಿ : ಗ್ರಾಹಕರು ತಿಳಿದಿರಬೇಕಾದ ಅಂಶಗಳು

ಥಾಯ್ಲೆಂಡ್ ಎಂದೊಡನೆ ಸಾಮಾನ್ಯವಾಗಿ ಬ್ಯಾಂಕಾಕ್, ಪಟ್ಟಾಯ ಹಾಗೂ ಫುಕೆಟ್‌ನ ಗದ್ದಲದ ಬೀದಿಗಳು ನೆನಪಿಗೆ ಬರುತ್ತವೆ. ಆದರೆ ಮಕ್ಕಳು ಮತ್ತು ಹಿರಿಯರೊಂದಿಗೆ ಕೆಲವು ದಿನ ನಿಶ್ಶಬ್ದವಾದ ಕಡಲತೀರದಲ್ಲಿ ತಂಗಿ, ಒಂದು ದಿನ ಥಾಯ್ ಅಡುಗೆಯನ್ನೂ ಕಲಿತು ಬರಬೇಕೆಂದು ಬಯಸುವ ಕುಟುಂಬಗಳೂ ಇವೆ. ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ನೇರ ವಿಮಾನದಲ್ಲಿ ಪ್ರಯಾಣದ ಅವಧಿ ಸುಮಾರು 4 ಗಂಟೆಗಳು. ಪ್ರಯಾಣ ಸುಲಭವಾದರೂ ಸ್ಥಳ, ಕಾಲ, ದಾಖಲೆ, ಆಹಾರ ಮತ್ತು ಸುರಕ್ಷತೆಯ ವಿಷಯದಲ್ಲಿ ಮುಂಚಿತವಾಗಿ ವಿಚಾರ ಮಾಡದಿದ್ದಲ್ಲಿ ಹಣ ನಷ್ಟವಾಗುವುದಲ್ಲದೆ ಪ್ರಾಣಾಪಾಯವೂ ಸಂಭವಿಸಬಹುದು. ಇಂತಹ ಪ್ರವಾಸವನ್ನು ಯೋಜಿಸುವವರ ತಿಳುವಳಿಕೆಗಾಗಿ ಅಗತ್ಯ ಅಂಶಗಳನ್ನು ಈ ಕೆಳಗೆ ವಿವರಿಸಲಾಗಿದೆ.

1. ಸ್ಥಳದ ಆಯ್ಕೆ

ಥಾಯ್ಲೆಂಡ್‌ಗೆ ಎರಡು ಪ್ರಮುಖ ಕರಾವಳಿಗಳಿವೆ. ಪಶ್ಚಿಮದಲ್ಲಿ ಅಂಡಮಾನ್ ಸಮುದ್ರವೂ ಪೂರ್ವದಲ್ಲಿ ಥಾಯ್ಲೆಂಡ್ ಕೊಲ್ಲಿಯೂ ಇವೆ. ಅಂಡಮಾನ್ ಕರಾವಳಿಯ ಕ್ರಾಬಿ ಪ್ರಾಂತ್ಯಕ್ಕೆ ಸೇರಿದ ಕೊ ಲಂತಾ ಪ್ರಶಾಂತ ವಾಸ್ತವ್ಯಕ್ಕೆ ಉತ್ತಮ ಉದಾಹರಣೆಯಾಗಿದೆ. ‘ಕೊ’ ಎಂದರೆ ಥಾಯ್ ಭಾಷೆಯಲ್ಲಿ ದ್ವೀಪ. ಲಂತಾ ನೋಯ್ ಎಂಬುದು ಚಿಕ್ಕ ದ್ವೀಪ. ಲಂತಾ ಯಾಯ್ ಎಂಬುದು ದೊಡ್ಡ ದ್ವೀಪ. ಇವೆರಡರ ನಡುವಣ ಸೇತುವೆ 2016ರಲ್ಲಿ ಸಂಚಾರಕ್ಕೆ ತೆರೆಯಿತು.

ಪ್ರವಾಸಿಗರು ತಂಗುವ ಕಡಲತೀರಗಳು ಲಂತಾ ಯಾಯ್‌ನ ಪಶ್ಚಿಮ ಭಾಗದಲ್ಲಿವೆ. ಉತ್ತರದ ಖ್ಲೋಂಗ್ ದಾವ್ ಮತ್ತು ಫ್ರಾ ಏ ತೀರಗಳಲ್ಲಿ ಅಂಗಡಿ, ಉಪಾಹಾರ ಗೃಹಗಳು ಹೆಚ್ಚು. ದಕ್ಷಿಣಕ್ಕೆ ಹೋದಂತೆ ಖ್ಲೋಂಗ್ ನಿನ್ ಮತ್ತು ಕಾಂತಿಯಾಂಗ್ ತೀರಗಳಲ್ಲಿ ಜನಸಂದಣಿ ಕಡಿಮೆಯಾಗುತ್ತದೆ. ಪೂರ್ವ ಭಾಗದಲ್ಲಿರುವ ಹಳೆಯ ಪಟ್ಟಣದಲ್ಲಿ ಕಂಬಗಳ ಮೇಲೆ ಕಟ್ಟಿದ ಮರದ ಮನೆಗಳನ್ನು ಕಾಣಬಹುದು. ದ್ವೀಪದ ದಕ್ಷಿಣ ತುದಿಯು 1990ರಲ್ಲಿ ಸ್ಥಾಪನೆಯಾದ ಮು ಕೊ ಲಂತಾ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದೆ.

ದ್ವೀಪದ ನಿವಾಸಿಗಳಲ್ಲಿ ಮುಸ್ಲಿಮರು ಬಹುಸಂಖ್ಯಾತರು. ಚೀನೀ ಮೂಲದವರು ಹಾಗೂ ಸಮುದ್ರವನ್ನೇ ಅವಲಂಬಿಸಿದ ಉರಕ್ ಲಾವೋಯ್ ಸಮುದಾಯದವರೂ ಇಲ್ಲಿ ನೆಲೆಸಿದ್ದಾರೆ. ಆದುದರಿಂದ ಈಜುಡುಗೆಯನ್ನು ಕಡಲತೀರಕ್ಕೆ ಮಾತ್ರ ಸೀಮಿತಗೊಳಿಸಿ, ಊರು ಮತ್ತು ಮಾರುಕಟ್ಟೆಗಳಲ್ಲಿ ಮೈತುಂಬ ಬಟ್ಟೆ ಧರಿಸುವುದು ಸೂಕ್ತ.

2. ಕಾಲದ ಆಯ್ಕೆ

ಅಂಡಮಾನ್ ಕರಾವಳಿಯಲ್ಲಿ ನೈಋತ್ಯ ಮುಂಗಾರು ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಇರುತ್ತದೆ. ನಮ್ಮ ಕರಾವಳಿಯಲ್ಲಿ ಮಳೆಗಾಲದ ಕಡಲು ಹೇಗೆ ಪ್ರಕ್ಷುಬ್ಧವಾಗಿರುತ್ತದೆಯೋ ಅಲ್ಲಿಯೂ ಹಾಗೆಯೇ ಇರುತ್ತದೆ. ಬೇಸಿಗೆ ರಜೆ ಮುಗಿಯುವ ವೇಳೆಗೆ, ಅಂದರೆ ಮೇ ಉತ್ತರಾರ್ಧದಲ್ಲಿ, ಕಡಿಮೆ ದರಕ್ಕೆ ಕೊಠಡಿ ದೊರೆಯುವುದಕ್ಕೆ ಇದೇ ಕಾರಣ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಅಲ್ಲಿ ಒಣಹವೆ ಇರುತ್ತದೆ. ಡಿಸೆಂಬರ್ ಕೊನೆಯ ವಾರ ಮತ್ತು ಜನವರಿಯಲ್ಲಿ ಜನಸಂದಣಿ ಹಾಗೂ ದರ ಎರಡೂ ಅಧಿಕ. ನಿಶ್ಶಬ್ದ ಮತ್ತು ಶಾಂತ ಸಮುದ್ರ ಎರಡನ್ನೂ ಬಯಸುವವರಿಗೆ ನವೆಂಬರ್ ಮಧ್ಯಭಾಗ ಅಥವಾ ಮಾರ್ಚ್ ತಿಂಗಳು ಅನುಕೂಲಕರ.

ಕೊಲ್ಲಿಯ ಭಾಗದಲ್ಲಿರುವ ಕೊ ಸಮುಯ್ ಮುಂತಾದ ದ್ವೀಪಗಳಲ್ಲಿ ಹೆಚ್ಚಿನ ಮಳೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬೀಳುತ್ತದೆ. ‘ಥಾಯ್ಲೆಂಡ್‌ನಲ್ಲಿ ಈಗ ಒಳ್ಳೆಯ ಹವೆ’ ಎಂಬ ಏಜೆಂಟರ ಮಾತು ಯಾವ ಕರಾವಳಿಗೆ ಸಂಬಂಧಿಸಿದ್ದು ಎಂಬುದನ್ನು ಕೇಳಿ ತಿಳಿಯಬೇಕು. ಥಾಯ್ ಹೊಸ ವರ್ಷವಾದ ಸೋಂಗ್‌ಕ್ರಾನ್ ಪ್ರತಿ ವರ್ಷ ಏಪ್ರಿಲ್ 13ರಿಂದ 15ರವರೆಗೆ ನಡೆಯುತ್ತದೆ. ಆ ದಿನಗಳಲ್ಲಿ ವಾಹನ ಮತ್ತು ದೋಣಿಗಳಲ್ಲಿ ಸ್ಥಳ ದೊರೆಯುವುದು ಕಷ್ಟ.

3. ಪ್ರಯಾಣ ದಾಖಲೆಗಳು

ಪಾಸ್‌ಪೋರ್ಟ್ ಕನಿಷ್ಠ 6 ತಿಂಗಳ ಸಿಂಧುತ್ವ ಹೊಂದಿರತಕ್ಕದ್ದು. ಭಾರತೀಯ ಪಾಸ್‌ಪೋರ್ಟ್ ಹೊಂದಿರುವವರಿಗೆ ಥಾಯ್ ಸರ್ಕಾರವು 2023ರ ನವೆಂಬರ್‌ನಲ್ಲಿ 30 ದಿನಗಳ ಹಾಗೂ 2024ರ ಜುಲೈ 15ರಿಂದ 60 ದಿನಗಳ ವೀಸಾರಹಿತ ಪ್ರವೇಶವನ್ನು ಜಾರಿಗೆ ತಂದಿತು. ಈ ನಿಯಮಗಳು ಕಾಲಕಾಲಕ್ಕೆ ಪರಿಷ್ಕರಣೆಗೆ ಒಳಪಡುವುದರಿಂದ, ಹಣ ಪಾವತಿಸುವ ಮುನ್ನ ನವದೆಹಲಿಯ ಥಾಯ್ ರಾಯಭಾರ ಕಚೇರಿಯ ಜಾಲತಾಣದಲ್ಲಿ ಪ್ರಸ್ತುತ ನಿಯಮವನ್ನು ಖಚಿತಪಡಿಸಿಕೊಳ್ಳುವುದು.

2025ರ ಮೇ 1ರಿಂದ ಡಿಜಿಟಲ್ ಆಗಮನ ಪತ್ರ ಕಡ್ಡಾಯವಾಗಿದೆ. ಇದನ್ನು ಆಗಮನಕ್ಕೆ ಮುಂಚಿನ 3 ದಿನಗಳೊಳಗೆ ಥಾಯ್ ವಲಸೆ ಇಲಾಖೆಯ ಅಧಿಕೃತ ಜಾಲತಾಣದಲ್ಲಿ ಭರ್ತಿ ಮಾಡಬೇಕು. ಇದಕ್ಕೆ ಯಾವುದೇ ಶುಲ್ಕವಿಲ್ಲ. ಶುಲ್ಕ ಕೇಳುವ ಜಾಲತಾಣಗಳು ಸರ್ಕಾರದವಲ್ಲ. ವಾಪಸಾತಿ ಟಿಕೆಟ್, ಹೋಟೆಲ್ ಕಾಯ್ದಿರಿಸಿದ ಪತ್ರ ಮತ್ತು ಖರ್ಚಿಗೆ ಸಾಕಷ್ಟು ಹಣವಿರುವುದಕ್ಕೆ ಆಧಾರವನ್ನು ವಲಸೆ ಅಧಿಕಾರಿಗಳು ಕೇಳುವ ಸಂಭವವಿರುವುದರಿಂದ ಅವುಗಳನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳುವುದು.

4. ಹಣಕಾಸಿನ ವಿಚಾರಗಳು

ಪ್ರವಾಸದ ವೆಚ್ಚವನ್ನು ವಿಮಾನ ಟಿಕೆಟ್, ಕ್ರಾಬಿಯಿಂದ ದ್ವೀಪಕ್ಕೆ ವ್ಯಾನ್ ಅಥವಾ ದೋಣಿ, ವಾಸ್ತವ್ಯ, ಊಟ, ಅಡುಗೆ ತರಗತಿ, ವಿಮೆ ಮತ್ತು ತುರ್ತು ಮೀಸಲು ಎಂದು ಪ್ರತ್ಯೇಕವಾಗಿ ಬರೆದು ಲೆಕ್ಕ ಹಾಕುವುದು ಒಳಿತು. ಒಟ್ಟು ಮೊತ್ತವನ್ನು ಮಾತ್ರ ತೋರಿಸುವ ಪ್ಯಾಕೇಜ್‌ಗಳಲ್ಲಿ ಯಾವುದು ಸೇರಿದೆ, ಯಾವುದು ಸೇರಿಲ್ಲ ಎಂಬುದು ಅಲ್ಲಿಗೆ ತಲುಪಿದ ನಂತರವೇ ತಿಳಿಯುವ ಪ್ರಸಂಗಗಳಿವೆ.

ವಿದೇಶ ಪ್ರವಾಸ ಪ್ಯಾಕೇಜ್ ಖರೀದಿಯ ಮೇಲೆ ಮೂಲದಲ್ಲಿ ತೆರಿಗೆ ಸಂಗ್ರಹಿಸುವ ಪದ್ಧತಿ 2020ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಇದರ ದರವನ್ನು ಆಗಾಗ್ಗೆ ಬದಲಾಯಿಸಲಾಗಿದೆ. ಈ ಮೊತ್ತವನ್ನು ಅನೇಕರು ಪ್ರತ್ಯೇಕ ತೆರಿಗೆಯೆಂದು ತಿಳಿದು ಬಿಟ್ಟುಬಿಡುತ್ತಾರೆ. ವಾಸ್ತವವಾಗಿ ಇದು ಗ್ರಾಹಕರ ಪ್ಯಾನ್ ಸಂಖ್ಯೆಯ ಹೆಸರಿಗೆ ಜಮೆಯಾಗುವ ಮೊತ್ತವಾಗಿದ್ದು, ಆದಾಯ ತೆರಿಗೆ ವಿವರಣೆ ಸಲ್ಲಿಸುವಾಗ ತೆರಿಗೆಗೆ ಹೊಂದಾಣಿಕೆ ಮಾಡಿಕೊಳ್ಳಬಹುದು ಅಥವಾ ಮರುಪಾವತಿ ಪಡೆಯಬಹುದು. ಬಿಲ್ಲಿನಲ್ಲಿ ಇದನ್ನು ಬೇರೆಯಾಗಿ ನಮೂದಿಸಿ, ಪ್ರಮಾಣಪತ್ರ ಪಡೆಯತಕ್ಕದ್ದು.

ಭಾರತದಿಂದ ಹೊರಡುವಾಗ ಒಬ್ಬರು ರೂ. 25,000ದವರೆಗೆ ಮಾತ್ರ ಭಾರತೀಯ ನೋಟುಗಳನ್ನು ಒಯ್ಯಬಹುದು. ದ್ವೀಪದ ಸಣ್ಣ ಅಂಗಡಿಗಳಲ್ಲಿ ನಗದು ವ್ಯವಹಾರವೇ ಹೆಚ್ಚು. ಆದ್ದರಿಂದ ಸ್ವಲ್ಪ ಥಾಯ್ ಬಾತ್ ಕೈಯಲ್ಲಿರಬೇಕು.

5. ಅಡುಗೆ ತರಗತಿಯಲ್ಲಿ ಕಲಿಸುವುದೇನು

ಪ್ರವಾಸಿಗರಿಗಾಗಿ ನಡೆಸುವ ತರಗತಿಗಳು ಸಾಮಾನ್ಯವಾಗಿ ಅರ್ಧ ದಿನದ್ದಾಗಿರುತ್ತವೆ. ಕೆಲವು ಕಡೆ ಮೊದಲು ಮಾರುಕಟ್ಟೆಗೆ ಕರೆದೊಯ್ದು ಪದಾರ್ಥಗಳನ್ನು ಪರಿಚಯಿಸಲಾಗುತ್ತದೆ. ತರುವಾಯ ನಾಲ್ಕೈದು ಖಾದ್ಯಗಳನ್ನು ಪ್ರತಿಯೊಬ್ಬರೂ ತಾವೇ ತಯಾರಿಸಿ ಊಟ ಮಾಡುತ್ತಾರೆ. ಹುಳಿ-ಖಾರದ ಸಾರಿನಂತಿರುವ ತೋಮ್ ಯಮ್, ತೆಂಗಿನ ಹಾಲಿನ ಹಸಿರು ಕರಿ, ಅಕ್ಕಿ ಶಾವಿಗೆಯ ಪಾಡ್ ಥಾಯ್, ಹಸಿ ಪಪ್ಪಾಯಿಯ ಸೋಮ್ ತಮ್, ಮಾವಿನ ಹಣ್ಣಿನೊಂದಿಗೆ ಬಡಿಸುವ ಅಂಟಕ್ಕಿಯ ಅನ್ನ ಇವು ಸಾಮಾನ್ಯವಾಗಿ ಪಟ್ಟಿಯಲ್ಲಿರುತ್ತವೆ. ಸಿಗಡಿ ಹಾಕಿ ಮಾಡುವ ತೋಮ್ ಯಮ್ ಕುಂಗ್ ಖಾದ್ಯವನ್ನು ಯುನೆಸ್ಕೋ 2024ರಲ್ಲಿ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಅಡುಗೆಯು ಕನ್ನಡ ನಾಡಿನವರಿಗೆ ತೀರ ಅಪರಿಚಿತವಲ್ಲ. ತೆಂಗಿನ ಹಾಲು, ಹುಣಸೆ, ಬೆಲ್ಲ, ಕೊತ್ತಂಬರಿ ಎರಡೂ ಕಡೆ ಇವೆ. ಅಲ್ಲಿನ ಸಣ್ಣ ಖಾರದ ಮೆಣಸು ಮಲೆನಾಡಿನ ಸೂಜಿಮೆಣಸನ್ನು ಹೋಲುತ್ತದೆ. ನಮ್ಮಲ್ಲಿ ಮಜ್ಜಿಗೆ ಹುಲ್ಲೆಂದು ಕರೆಯುವ ನಿಂಬೆಹುಲ್ಲು ಅಲ್ಲಿನ ನಿತ್ಯದ ಪದಾರ್ಥ. ‘ಖಾ’ ಎಂಬುದು ಶುಂಠಿಯನ್ನು ಹೋಲುವ ಗೆಡ್ಡೆ. ಆಯುರ್ವೇದದಲ್ಲಿ ಬಳಸುವ ದುಂಪರಾಸ್ಮೆಯೇ ಇದು. ಕುಳಿತು ತೆಂಗಿನಕಾಯಿ ತುರಿಯುವ ಮಣೆ ಅಲ್ಲಿಯೂ ಇದ್ದು, ಅದನ್ನು ‘ಮೊಲ’ ಎಂಬರ್ಥದ ಪದದಿಂದ ಕರೆಯುತ್ತಾರೆ.

ಕಲಿಯಬೇಕಾದ ಮುಖ್ಯ ಅಂಶವೆಂದರೆ ಕ್ರಮ. ಮಸಾಲೆ ಕುಟ್ಟುವಾಗ ಒಣ ಪದಾರ್ಥ ಮತ್ತು ಉಪ್ಪು ಮೊದಲು, ನಾರಿನ ಗೆಡ್ಡೆಗಳು ಅನಂತರ, ನೀರಿನ ಅಂಶವುಳ್ಳ ಈರುಳ್ಳಿ-ಬೆಳ್ಳುಳ್ಳಿ ಕೊನೆಯಲ್ಲಿ ಒರಳಿಗೆ ಬೀಳಬೇಕು. ಕರಿಗೆ ಗಟ್ಟಿ ತೆಂಗಿನ ಹಾಲನ್ನು ಎಣ್ಣೆ ಬಿಡುವವರೆಗೆ ಕಾಯಿಸಿ ಮಸಾಲೆಯನ್ನು ಅದರಲ್ಲಿಯೇ ಹುರಿಯುತ್ತಾರೆ. ತೋಮ್ ಯಮ್‌ಗೆ ನಿಂಬೆರಸವನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಲಾಗುತ್ತದೆ. ಅಂಟಕ್ಕಿಯನ್ನು ಹಲವು ಗಂಟೆ ನೆನೆಸಿ ಹಬೆಯಲ್ಲಿ ಬೇಯಿಸುತ್ತಾರೆ; ನೀರಿನಲ್ಲಿ ಕುದಿಸುವುದಿಲ್ಲ.

6. ಸಸ್ಯಾಹಾರಿಗಳು ಮತ್ತು ಅಲರ್ಜಿ ಇರುವವರು

ತರಕಾರಿ ಮಾತ್ರ ಕಾಣುವ ಖಾದ್ಯದಲ್ಲಿಯೂ ‘ನಾಮ್ ಪ್ಲಾ’ ಎಂಬ ಮೀನಿನ ರಸ, ‘ಕಪಿ’ ಎಂಬ ಸಿಗಡಿಯ ಮುದ್ದೆ ಅಥವಾ ಸಿಂಪಿಯ ರಸ ಸೇರಿರಬಹುದು. ಸಿದ್ಧ ಕರಿ ಮಸಾಲೆಗಳಲ್ಲಿಯೂ ಕಪಿ ಇರುವುದು ಸಾಮಾನ್ಯ. ಆದುದರಿಂದ ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಸಾಲದು.

‘ಮಂಗ್ಸವಿರತ್’ ಎಂಬ ಥಾಯ್ ಪದ ಸಂಸ್ಕೃತದ ಮಾಂಸವಿರತಿಯಿಂದ ಬಂದಿದ್ದು ಸಸ್ಯಾಹಾರವನ್ನು ಸೂಚಿಸುತ್ತದೆ. ಇದರಲ್ಲಿ ಮೊಟ್ಟೆ ಸೇರಿರಬಹುದು. ‘ಜೇ’ ಎಂಬುದು ಹೆಚ್ಚು ಕಟ್ಟುನಿಟ್ಟಾದುದು. ಮಾಂಸ, ಮೀನು, ಮೊಟ್ಟೆ, ಹಾಲಿನ ಜೊತೆಗೆ ಈರುಳ್ಳಿ-ಬೆಳ್ಳುಳ್ಳಿಯನ್ನೂ ಇದು ವರ್ಜಿಸುತ್ತದೆ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರವಿರುವ ಅಂಗಡಿಗಳು ಜೇ ಆಹಾರದವು. ‘ಮಾಯ್ ಸಾಯ್ ನಾಮ್ ಪ್ಲಾ’ ಎಂದರೆ ಮೀನಿನ ರಸ ಹಾಕಬೇಡಿ ಎಂದರ್ಥ.

ಕಡಲೆಕಾಯಿ ಅಥವಾ ಸಿಗಡಿಯ ಅಲರ್ಜಿ ಇರುವವರಿಗೆ ಈ ವಿಷಯ ಜೀವನ್ಮರಣದ್ದಾಗಿದೆ. ಪಾಡ್ ಥಾಯ್ ಮತ್ತು ಸೋಮ್ ತಮ್ ಎರಡರಲ್ಲಿಯೂ ಕಡಲೆಕಾಯಿ ಬಳಕೆಯಲ್ಲಿದೆ. ಒಂದೇ ಒರಳು ಮತ್ತು ಬಾಣಲೆಯನ್ನು ಎಲ್ಲದಕ್ಕೂ ಬಳಸುವುದು ರೂಢಿ. ಅಂತಹವರು ಹಣ ಕಟ್ಟುವ ಮುನ್ನ ಪ್ರತ್ಯೇಕ ಪಾತ್ರೆಗಳ ವ್ಯವಸ್ಥೆ ಇದೆಯೇ ಎಂದು ಲಿಖಿತವಾಗಿ ಕೇಳಿ ಉತ್ತರ ಪಡೆಯಬೇಕು. ಅಲರ್ಜಿಯ ವಿವರವನ್ನು ಥಾಯ್ ಲಿಪಿಯಲ್ಲಿ ಬರೆಸಿದ ಚೀಟಿ ಹಾಗೂ ವೈದ್ಯರು ಸೂಚಿಸಿದ ಔಷಧ ಸದಾ ಜೊತೆಯಲ್ಲಿರಬೇಕು.

7. ಕಡಲಿನ ಸುರಕ್ಷತೆ

ನಿಶ್ಶಬ್ದ ಕಡಲತೀರವೆಂದರೆ ಅನೇಕ ವೇಳೆ ಜೀವರಕ್ಷಕರಿಲ್ಲದ ಕಡಲತೀರವೆಂದೇ ಅರ್ಥ. ಆದ್ದರಿಂದ ಈ ಕೆಳಕಂಡ ಸೂಚನೆಗಳನ್ನು ಪಾಲಿಸುವುದು:

(ಅ) ಕೆಂಪು ಬಾವುಟ ಹಾರಿಸಿರುವಾಗ ಮೊಣಕಾಲು ಮಟ್ಟದ ನೀರಿಗೂ ಇಳಿಯಬಾರದು.

(ಆ) ನೀರಿನ ಸೆಳೆತಕ್ಕೆ ಸಿಕ್ಕಿದಲ್ಲಿ ದಡದ ಕಡೆಗೆ ಎದುರಾಗಿ ಈಜಿ ದಣಿಯದೆ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದ ನಂತರ ದಡ ಸೇರಬೇಕು. ಈಜಲಾಗದವರು ತೇಲುತ್ತ ಕೈ ಎತ್ತಿ ಸಹಾಯ ಕೋರಬೇಕು.

(ಇ) ಪೆಟ್ಟಿಗೆ ಆಕಾರದ ವಿಷಕಾರಿ ಅಂಬಲಿ ಮೀನುಗಳಿಂದ ಥಾಯ್ಲೆಂಡ್‌ನಲ್ಲಿ ಸಾವುಗಳು ಸಂಭವಿಸಿವೆ. ಕುಟುಕಿದ ಜಾಗವನ್ನು ಉಜ್ಜದೆ ಕನಿಷ್ಠ 30 ಸೆಕೆಂಡುಗಳ ಕಾಲ ವಿನೆಗರ್ ಸುರಿದು ಕೂಡಲೇ ವೈದ್ಯಕೀಯ ನೆರವು ಪಡೆಯಬೇಕು. ಹಲವು ತೀರಗಳಲ್ಲಿ ವಿನೆಗರ್ ಬಾಟಲಿ ಇರುವ ಕಂಬಗಳನ್ನು ನೆಡಲಾಗಿದೆ.

(ಈ) 2004ರ ಡಿಸೆಂಬರ್ 26ರ ಸುನಾಮಿಯಿಂದ ಥಾಯ್ಲೆಂಡ್‌ನ ಅಂಡಮಾನ್ ಕರಾವಳಿಯಲ್ಲಿ 5,000ಕ್ಕೂ ಹೆಚ್ಚು ಜನರು ಮೃತಪಟ್ಟರು. ಹೋಟೆಲ್ ತಲುಪಿದ ದಿನವೇ ಎತ್ತರದ ಜಾಗಕ್ಕೆ ಹೋಗುವ ದಾರಿಯ ಫಲಕವನ್ನು ಮಕ್ಕಳಿಗೂ ತೋರಿಸಿಡುವುದು. ಭೂಮಿ ಬಲವಾಗಿ ನಡುಗಿದರೆ ಅಥವಾ ಸಮುದ್ರದ ನೀರು ಹಠಾತ್ತನೆ ಹಿಂದೆ ಸರಿದರೆ ಎಚ್ಚರಿಕೆ ಗಂಟೆಗಾಗಿ ಕಾಯದೆ ಎತ್ತರಕ್ಕೆ ತೆರಳಬೇಕು.

8. ಕಾನೂನಿಗೆ ಸಂಬಂಧಿಸಿದ ಎಚ್ಚರಿಕೆಗಳು

ದ್ವೀಪದಲ್ಲಿ ಬಾಡಿಗೆ ಸ್ಕೂಟರ್ ಸುಲಭವಾಗಿ ದೊರೆಯುತ್ತದೆ. ಆದರೆ ದ್ವಿಚಕ್ರ ವಾಹನಕ್ಕೆ ಅನ್ವಯಿಸುವ ಚಾಲನಾ ಪರವಾನಗಿ ಹಾಗೂ ಪ್ರಾದೇಶಿಕ ಸಾರಿಗೆ ಕಚೇರಿಯಿಂದ ಪಡೆದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇಲ್ಲದೆ ಓಡಿಸಿ ಅಪಘಾತವಾದಲ್ಲಿ ವಿಮಾ ಕಂಪನಿಯು ಪರಿಹಾರ ನಿರಾಕರಿಸಬಹುದು. ಬಾಡಿಗೆಗೆ ಒತ್ತೆಯಾಗಿ ಪಾಸ್‌ಪೋರ್ಟನ್ನು ಯಾರಿಗೂ ಒಪ್ಪಿಸಬಾರದು.

ಇಲೆಕ್ಟ್ರಾನಿಕ್ ಸಿಗರೇಟುಗಳನ್ನು ಥಾಯ್ಲೆಂಡ್‌ಗೆ ಒಯ್ಯುವುದು ಅಪರಾಧ. ಗಾಂಜಾವನ್ನು 2022ರ ಜೂನ್‌ನಲ್ಲಿ ಅಲ್ಲಿನ ಮಾದಕ ವಸ್ತುಗಳ ಪಟ್ಟಿಯಿಂದ ತೆಗೆಯಲಾಗಿತ್ತಾದರೂ, 2025ರ ಜೂನ್‌ನಲ್ಲಿ ಅದರ ಮಾರಾಟವನ್ನು ವೈದ್ಯಕೀಯ ಚೀಟಿಗೆ ಸೀಮಿತಗೊಳಿಸಲಾಯಿತು. ಅದನ್ನು ಭಾರತಕ್ಕೆ ತರುವುದು 1985ರ ಮಾದಕ ವಸ್ತುಗಳ ಕಾಯ್ದೆಯಡಿ ಗಂಭೀರ ಅಪರಾಧ. ಅಪರಿಚಿತರು ನೀಡುವ ಪೊಟ್ಟಣಗಳನ್ನು ಯಾವ ಕಾರಣಕ್ಕೂ ತರಬಾರದು.

‘ಅಡುಗೆ ಕಲಿತ ನಂತರ ಅಲ್ಲಿಯೇ ಉದ್ಯೋಗ’ ಎಂಬ ಆಮಿಷಕ್ಕೆ ಒಳಗಾಗಬಾರದು. ಪ್ರವಾಸಿಯಾಗಿ ಪ್ರವೇಶಿಸಿದವರು ಅಲ್ಲಿ ಕೆಲಸ ಮಾಡುವಂತಿಲ್ಲ. ಥಾಯ್ಲೆಂಡ್‌ನಲ್ಲಿ ಉದ್ಯೋಗವೆಂದು ನಂಬಿಸಿ ಯುವಕರನ್ನು ಗಡಿಯಾಚೆ ಮ್ಯಾನ್ಮಾರ್‌ನ ವಂಚಕ ಕೇಂದ್ರಗಳಿಗೆ ಸಾಗಿಸುತ್ತಿರುವ ಬಗ್ಗೆ ವಿದೇಶಾಂಗ ಸಚಿವಾಲಯವು 2022ರಲ್ಲಿಯೇ ಎಚ್ಚರಿಕೆ ನೀಡಿದೆ. 2025ರ ಮಾರ್ಚ್‌ನಲ್ಲಿ ಇಂತಹ ಕೇಂದ್ರಗಳಿಂದ ಬಿಡುಗಡೆಯಾದ ನೂರಾರು ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಸ್ವದೇಶಕ್ಕೆ ಕರೆತರಲಾಯಿತು.

9. ಮರಳಿ ಬರುವಾಗ

ಕಲಿತ ಅಡುಗೆಯನ್ನು ಮನೆಯಲ್ಲಿ ಮಾಡುವ ಉತ್ಸಾಹದಿಂದ ಹಸಿ ಗೆಡ್ಡೆ, ಬೀಜ, ಸಸಿ ಅಥವಾ ಮೀನಿನ ಉತ್ಪನ್ನಗಳನ್ನು ತರುವವರು ವಿಮಾನ ನಿಲ್ದಾಣದಲ್ಲಿ ಸುಂಕ ಅಧಿಕಾರಿಗಳಿಗೆ ಅವುಗಳನ್ನು ಘೋಷಿಸಬೇಕು. ಬಿತ್ತಲು ಅಥವಾ ನೆಡಲು ಬಳಸುವ ಸಸ್ಯಭಾಗಗಳು 2003ರ ಸಸ್ಯ ಸಂಗರೋಧ ಆದೇಶದ ನಿರ್ಬಂಧಕ್ಕೆ ಒಳಪಡುತ್ತವೆ. ಅವುಗಳ ಮೂಲಕ ಬರುವ ಕೀಟ ಮತ್ತು ರೋಗಗಳು ನಮ್ಮ ರೈತರ ಬೆಳೆಗೆ ಹಾನಿ ಮಾಡಬಹುದೆಂಬುದೇ ಇದಕ್ಕೆ ಕಾರಣ. ನಿಂಬೆಹುಲ್ಲು, ಸೂಜಿಮೆಣಸು, ತೆಂಗು ನಮ್ಮಲ್ಲಿಯೇ ಲಭ್ಯವಿರುವುದರಿಂದ ಪಾಕವಿಧಾನವನ್ನು ಬರೆದು ತಂದರೆ ಸಾಕು.

10. ದೂರು ಮತ್ತು ತುರ್ತು ನೆರವು

ಪ್ಯಾಕೇಜ್ ಖರೀದಿಸುವಾಗ ತರಗತಿಯ ದಿನಾಂಕ, ಖಾದ್ಯಗಳ ಪಟ್ಟಿ, ರದ್ದತಿ ಮತ್ತು ಮರುಪಾವತಿ ಷರತ್ತುಗಳನ್ನು ಲಿಖಿತವಾಗಿ ಪಡೆದು ರಸೀದಿಯೊಂದಿಗೆ ಜೋಪಾನವಾಗಿಡುವುದು. ಒಪ್ಪಿದ ಸೇವೆ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗ್ರಾಹಕರ ಸಂರಕ್ಷಣಾ ಕಾಯ್ದೆ 2019ರ ಅನ್ವಯ ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ 2 ವರ್ಷಗಳೊಳಗೆ ದೂರು ಸಲ್ಲಿಸಲು ಅವಕಾಶವಿದೆ. ಪಾವತಿಸಿದ ಮೊತ್ತ ರೂ. 5 ಲಕ್ಷದವರೆಗೆ ಇದ್ದಲ್ಲಿ ದೂರಿಗೆ ಶುಲ್ಕವಿಲ್ಲ.

ಥಾಯ್ಲೆಂಡ್‌ನಲ್ಲಿ ಪ್ರವಾಸಿ ಪೊಲೀಸ್ ಸಂಖ್ಯೆ 1155, ತುರ್ತು ವೈದ್ಯಕೀಯ ಸೇವೆ 1669 ಮತ್ತು ಸಾಮಾನ್ಯ ಪೊಲೀಸ್ 191. ಪಾಸ್‌ಪೋರ್ಟ್ ಕಳೆದುಹೋದಲ್ಲಿ ಸ್ಥಳೀಯ ಪೊಲೀಸರಲ್ಲಿ ದೂರು ದಾಖಲಿಸಿ, ಬ್ಯಾಂಕಾಕ್‌ನಲ್ಲಿರುವ ಭಾರತೀಯ ರಾಯಭಾರ ಕಚೇರಿಯನ್ನು ಸಂಪರ್ಕಿಸಬೇಕು. ಈ ಸಂಖ್ಯೆಗಳನ್ನು ಮತ್ತು ಪಾಸ್‌ಪೋರ್ಟ್ ಪ್ರತಿಯನ್ನು ಪ್ರಯಾಣಿಸುವ ಪ್ರತಿಯೊಬ್ಬರೂ ಇಟ್ಟುಕೊಳ್ಳುವುದಲ್ಲದೆ, ಊರಿನಲ್ಲಿರುವ ಒಬ್ಬ ಬಂಧುವಿಗೂ ನೀಡಿ ಹೊರಡುವಂತೆ ಸಾರ್ವಜನಿಕರನ್ನು ಕೋರಲಾಗಿದೆ.