ಕೆರೆ ಮತ್ತು ಕಡಲು: ನೀರಿನಲ್ಲಿ ಉಷ್ಣ, ಬೆಳಕು, ಧ್ವನಿಗಳ ವರ್ತನೆ
(ಕಡೂರು, ತರೀಕೆರೆ, ಅಜ್ಜಂಪುರ ಪರಿಸರವನ್ನು ಅನುಲಕ್ಷಿಸಿ)

ಬಾಬಾಬುಡನ್ ಗಿರಿಶ್ರೇಣಿಯ ಮಗ್ಗುಲಲ್ಲಿರುವ ಕಡೂರು, ತರೀಕೆರೆ, ಅಜ್ಜಂಪುರ ಪರಿಸರವು ಮಲೆನಾಡು ಬಯಲುಸೀಮೆಗೆ ಇಳಿಯುವ ಪ್ರದೇಶವಾಗಿದೆ. ಗಿರಿಯಲ್ಲಿ ಹುಟ್ಟುವ ವೇದಾ ಹಳ್ಳವು ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯನ್ನೂ, ಅವತಿ ಹಳ್ಳವು ಮದಗದ ಕೆರೆಯನ್ನೂ ತುಂಬುತ್ತವೆ. ಇವೆರಡೂ ಕಡೂರಿನ ಸಮೀಪ ಕೂಡಿ ವೇದಾವತಿಯಾಗಿ ವಾಣಿವಿಲಾಸ ಸಾಗರವನ್ನು ಸೇರಿ, ಮುಂದೆ ತುಂಗಭದ್ರೆ ಹಾಗೂ ಕೃಷ್ಣೆಯರ ಮೂಲಕ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತವೆ. ಕಡಲು ಕಣ್ಣಿಗೆ ಬೀಳದ ಈ ಸೀಮೆಯ ಜನಕ್ಕೆ ಕೆರೆಯೇ ದೊಡ್ಡ ನೀರು. ಉಷ್ಣವನ್ನು ಹಿಡಿದಿಡುವುದು, ಬೆಳಕನ್ನು ನುಂಗುವುದು, ಧ್ವನಿಯನ್ನು ದೂರ ಒಯ್ಯುವುದು ಎಂಬ ಮೂರು ಗುಣಗಳು ಕೆರೆಗೂ ಕಡಲಿಗೂ ಸಮಾನವಾಗಿವೆ. ಕೆರೆಗೆ ಸಂಬಂಧಿಸಿದ ಐತಿಹ್ಯಗಳನ್ನು ಅರ್ಥೈಸುವಾಗ ಈ ಗುಣಗಳನ್ನು ಗಮನಿಸುವುದು ಅಗತ್ಯವಾಗಿದೆ.

ಉಷ್ಣ

ಮುಂಜಾವಿನಲ್ಲಿ ಕೆರೆಯ ನೀರು ಬೆಚ್ಚಗೂ ನಡುಹಗಲಿನಲ್ಲಿ ತಣ್ಣಗೂ ಇರುವಂತೆ ಭಾಸವಾಗುವುದು ಎಲ್ಲರ ಅನುಭವ. ವಾಸ್ತವವಾಗಿ ಬೇಗ ಬದಲಾಗುವುದು ಗಾಳಿಯೇ ಹೊರತು ನೀರಲ್ಲ. ಒಂದು ಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಲು ಸುಮಾರು 4.18 ಜೂಲ್ ಶಕ್ತಿ ಬೇಕು. ಅಷ್ಟೇ ತೂಕದ ಗಾಳಿಗೆ ಬೇಕಾಗುವುದರ ನಾಲ್ಕು ಪಟ್ಟಿಗಿಂತ ಇದು ಹೆಚ್ಚು. ಬೇಸಿಗೆಯ ಮಧ್ಯಾಹ್ನ ಕೆರೆಗಿಳಿದವರಿಗೆ ಎದೆಮಟ್ಟದಲ್ಲಿ ಬೆಚ್ಚನೆಯ ನೀರು, ಪಾದದ ಬಳಿ ತಣ್ಣೀರು ತಾಗುತ್ತದೆ. ಕಾದ ನೀರು ಹಗುರಾಗಿ ಮೇಲೆ ನಿಲ್ಲುವುದೇ ಇದಕ್ಕೆ ಕಾರಣ. ಆಳ ಕಡಿಮೆಯಿರುವ ಕೆರೆಗಳಲ್ಲಿ ಗಾಳಿಯೂ ಇರುಳ ತಂಪೂ ಈ ಪದರಗಳನ್ನು ಬೆರೆಸಿಬಿಡುತ್ತವೆ. ಉಷ್ಣವಲಯದ ಕಡಲಿನಲ್ಲಾದರೋ ಈ ವಿಂಗಡಣೆ ವರ್ಷವಿಡೀ ಉಳಿಯುತ್ತದೆ. ಕೆಲವು ನೂರು ಮೀಟರ್‌ಗಳೊಳಗೆ ಉಷ್ಣತೆ ಥಟ್ಟನೆ ಇಳಿದು, ತೀರ ಆಳದಲ್ಲಿ 4 ಡಿಗ್ರಿಗಿಂತ ಕೆಳಕ್ಕೆ ಬರುತ್ತದೆ.

ಇಡೀ ವಾಯುಮಂಡಲವು ಹಿಡಿದಿಡಬಲ್ಲಷ್ಟು ಉಷ್ಣವನ್ನು ಸಾಗರದ ಮೇಲಿನ ಎರಡೂವರೆ ಮೀಟರ್ ನೀರೇ ಹಿಡಿದಿಡಬಲ್ಲದು. ಈ ಉಷ್ಣದಿಂದ ಆವಿಯಾದ ಅರಬ್ಬೀ ಸಮುದ್ರದ ನೀರನ್ನು ಮುಂಗಾರು ಗಿರಿಶ್ರೇಣಿಗೆ ಹೊತ್ತು ತರುತ್ತದೆ. ಮದಗದ ಕೆರೆಗೆ ಬಂದ ವಿಸ್ಮಯಕರ ಮಳೆಯನ್ನು ಕುರಿತ ಪ್ರಸಿದ್ಧ ಜನಪದ ಗೀತೆಯನ್ನು ಕಡೂರು ಸೀಮೆಯವರು ತಮ್ಮ ಕೆರೆಯದೆಂದೇ ಹಾಡುತ್ತಾರೆ. ಆ ಮಳೆಯ ಮೂಲವೂ ಕಡಲು ಕೂಡಿಟ್ಟ ಬಿಸಿಲೇ ಆಗಿದೆ.

ಬೆಳಕು

ಉಷ್ಣವನ್ನು ಕಾಪಿಡುವ ನೀರು ಬೆಳಕನ್ನು ಬಹುಬೇಗ ಕಳೆದುಬಿಡುತ್ತದೆ. ಮೊದಲ ಮಳೆಯ ಕೆಮ್ಮಣ್ಣು ಬೆರೆತ ಕೆರೆಯಲ್ಲಿ ಗೇಣುದ್ದದ ಆಳವೂ ಕಾಣದು. ತೇಲುವ ಮಣ್ಣಿನ ಕಣಗಳು ಬೆಳಕನ್ನು ಚದುರಿಸಿ ಹೀರುತ್ತವೆ. ನೀರು ತಿಳಿಯಾದ ಮೇಲೆ ಇನ್ನೊಂದು ಬಗೆಯ ಭ್ರಮೆ ಉಂಟಾಗುತ್ತದೆ. ನೀರಿನಿಂದ ಹೊರಬರುವ ಕಿರಣಗಳು ಬಾಗುವುದರಿಂದ ನಾಲ್ಕು ಅಡಿ ಆಳ ನೇರ ಮೇಲಿನಿಂದ ನೋಡುವವರಿಗೆ ಮೂರಡಿಯಂತೆ ತೋರುತ್ತದೆ. ಈಜು ಬಾರದವರಿಗೆ ತಿಳಿನೀರೂ ಅಪಾಯಕಾರಿಯಾಗಲು ಇದೊಂದು ಕಾರಣ.

ಕಡಲಿನ ತಿಳಿನೀರಿನಲ್ಲಿ ಕೆಂಪು ಬಣ್ಣವು ಮೊದಲ ಹತ್ತಾರು ಮೀಟರ್‌ಗಳಲ್ಲೇ ಬಹುಮಟ್ಟಿಗೆ ಮಾಯವಾಗುತ್ತದೆ. ನೀಲಿ ಎಲ್ಲಕ್ಕಿಂತ ಆಳಕ್ಕೆ ಇಳಿಯುತ್ತದೆ. ಸುಮಾರು 200 ಮೀಟರ್‌ಗಳ ಕೆಳಗೆ ಸಸ್ಯಗಳು ಆಹಾರ ತಯಾರಿಸುವಷ್ಟು ಬೆಳಕಿಲ್ಲ. 1,000 ಮೀಟರ್‌ಗಳ ಕೆಳಗೆ ಸೂರ್ಯಪ್ರಕಾಶವೇ ಇಲ್ಲ. ಕಡಲಿನ ನೀಲಿಯು ಆಕಾಶದ ಪ್ರತಿಬಿಂಬವಷ್ಟೇ ಎಂಬ ಅಭಿಪ್ರಾಯವನ್ನು ಸಿ.ವಿ. ರಾಮನ್ ಅವರು 1921ರ ಸಮುದ್ರಯಾನದಲ್ಲಿ ಪರೀಕ್ಷಿಸಿ, ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆಂದು ತೋರಿಸಿದರು. ನೀರು ಕೆಂಪನ್ನು ಹೆಚ್ಚಾಗಿ ಹೀರುವುದೂ ಆ ನೀಲಿಗೆ ಮುಖ್ಯ ಕಾರಣವೆಂದು ಇಂದು ತಿಳಿದಿದೆ.

ಧ್ವನಿ

ಬೆಳಕು ಸೋಲುವಲ್ಲಿ ಧ್ವನಿ ಗೆಲ್ಲುತ್ತದೆ. 1826ರಲ್ಲಿ ಕೊಲಡಾನ್ ಮತ್ತು ಸ್ಟರ್ಮ್ ಎಂಬಿಬ್ಬರು ಜಿನೀವಾ ಸರೋವರದ ನೀರೊಳಗೆ ಗಂಟೆ ಬಾರಿಸಿ, ಅದೇ ಕ್ಷಣ ಮದ್ದಿನ ಬೆಳಕು ತೋರಿಸಿ, ದೂರದ ದೋಣಿಯಲ್ಲಿ ಆಲಿಸಿ, ಧ್ವನಿಯ ವೇಗ ಸೆಕೆಂಡಿಗೆ 1,435 ಮೀಟರ್ ಎಂದು ಅಳೆದರು. ಕಡಲ ನೀರಿನಲ್ಲಿ ಅದು ಸುಮಾರು 1,500 ಮೀಟರ್. ಗಾಳಿಯಲ್ಲಿ ಸುಮಾರು 340 ಮಾತ್ರ. ಧ್ವನಿಯು ತನ್ನ ವೇಗ ಕಡಿಮೆಯಿರುವ ಪದರದ ಕಡೆಗೆ ಬಾಗುತ್ತದೆ. ಕಡಲಿನಲ್ಲಿ ಕೆಳಗಿಳಿದಂತೆ ತಂಪು ವೇಗವನ್ನು ತಗ್ಗಿಸುತ್ತದೆ, ಮತ್ತಷ್ಟು ಆಳದಲ್ಲಿ ಒತ್ತಡ ಅದನ್ನು ಹೆಚ್ಚಿಸುತ್ತದೆ. ಇವೆರಡರ ನಡುವೆ, ಅನೇಕ ಸಾಗರಗಳಲ್ಲಿ ಸುಮಾರು 1,000 ಮೀಟರ್ ಆಳದಲ್ಲಿರುವ ಪದರದೊಳಗೆ ಸಿಲುಕಿದ ಧ್ವನಿ ಸಾವಿರಾರು ಕಿಲೋಮೀಟರ್ ಸಾಗಬಲ್ಲದು. ಕೆರೆಯ ಮೇಲಿನ ಗಾಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಸಂಜೆ ನೀರಿಗೆ ತಾಗಿದ ಗಾಳಿ ತಂಪಾಗಿದ್ದು ಮೇಲಿನದು ಬೆಚ್ಚಗಿದ್ದರೆ ಧ್ವನಿ ಕೆಳಕ್ಕೆ ಬಾಗಿ, ಆಚೆ ದಡದ ಮಾತು ಈಚೆ ದಡಕ್ಕೆ ಸ್ಪಷ್ಟವಾಗಿ ಕೇಳಿಸುತ್ತದೆ.

ಆದರೆ ಗಾಳಿಯಿಂದ ನೀರಿಗಿಳಿಯುವಾಗ ಧ್ವನಿಶಕ್ತಿಯ ಸಾವಿರದಲ್ಲೊಂದು ಪಾಲು ಮಾತ್ರ ಒಳಸೇರುತ್ತದೆ. ರನ್ನನ ಗದಾಯುದ್ಧದಲ್ಲಿ ವೈಶಂಪಾಯನ ಸರೋವರದೊಳಗಿದ್ದ ದುರ್ಯೋಧನನು ಭೀಮನ ಗರ್ಜನೆಯನ್ನು ಕೇಳಿ, ನೀರಿನಲ್ಲಿದ್ದೂ ಬೆವರುತ್ತಾನೆ. ನೀರು ಗಾಳಿಗಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ಚೆನ್ನಾಗಿ ಉಷ್ಣವನ್ನು ಸಾಗಿಸಬಲ್ಲದು. ಧ್ವನಿ ಹೊರಗೇ ಉಳಿಯಬೇಕಾದಲ್ಲಿ ಒಳನುಗ್ಗಿತು, ಮೈ ತಣ್ಣಗಾಗಬೇಕಾದಲ್ಲಿ ಬೆವರಿತು ಎಂಬಲ್ಲಿ ಕವಿಯು ನೀರಿನ ಎರಡು ಗುಣಗಳನ್ನೂ ಮೀರಿಸಿ ಭೀಮನ ಕೋಪವನ್ನು ಅಳೆದಿದ್ದಾನೆ.

ಅಯ್ಯನಕೆರೆಯ ಐತಿಹ್ಯದ ಕೇಂದ್ರದಲ್ಲಿಯೂ ಕೇಳುವ ಕ್ರಿಯೆಯೇ ಇದೆ. ಕೆರೆಯನ್ನು ಒಡೆಯುವೆನೆಂಬ ದೇವತೆಯ ನುಡಿಯನ್ನು ಕೇಳಿಸಿಕೊಂಡ ನೀರುಗಂಟಿ ಹೊನ್ನಬಿಲ್ಲನು, ತಾನು ದೊರೆಗೆ ತಿಳಿಸಿ ಮರಳುವವರೆಗೆ ತಡೆಯುವಂತೆ ಆಕೆಯಿಂದ ಮಾತು ಪಡೆಯುತ್ತಾನೆ. ಅವನು ಮರಳದಿದ್ದರೆ ಕೆರೆ ಉಳಿಯುವುದೆಂದು ಅರಿತ ದೊರೆ ಅವನನ್ನು ಕೊಲ್ಲಿಸುತ್ತಾನೆ. ಕೆರೆಯ ಉಳಿವಿಗೆ ದುಡಿವವನ ಜೀವವೇ ಬೆಲೆಯಾದ ಈ ಕಥೆಯ ಅರ್ಥವನ್ನು ಭೌತವಿಜ್ಞಾನ ಪೂರ್ತಿಯಾಗಿ ವಿವರಿಸಲಾರದು. ಆದರೆ ನೀರಿನ ಮಾತು ನೀರುಗಂಟಿಗೇ ಏಕೆ ಕೇಳಿಸಿತೆಂಬುದಕ್ಕೆ ಅದು ಹಿನ್ನೆಲೆಯನ್ನು ಒದಗಿಸುತ್ತದೆ. ರಾತ್ರಿಯ ಕಾವಲಿನಲ್ಲಿ ಏರಿ ಬಿರಿದು ನೀರು ಸೋರತೊಡಗಿದರೆ ಅದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ. ಕೋಡಿಯ ಸದ್ದು, ತೂಬಿನ ಸದ್ದುಗಳನ್ನು ಬೇರ್ಪಡಿಸಿ ಅರಿಯುವುದು ಅವನ ವೃತ್ತಿಯ ಭಾಗವಾಗಿತ್ತು.

ಇಂದು ನೀರುಗಂಟಿಯ ವೃತ್ತಿ ಬಹುತೇಕ ಕಡೆ ಅಳಿದಿದೆ, ಕೊಳವೆಬಾವಿಗಳು ಬಂದಿವೆ. 2019ರಿಂದ ಭದ್ರೆಯ ನೀರು ಅಜ್ಜಂಪುರದ ಬಳಿಯ ಸುರಂಗದ ಮೂಲಕ ವಾಣಿವಿಲಾಸ ಸಾಗರದತ್ತ ಹರಿಯತೊಡಗಿದೆ. ನೀರು ಬರುವ ದಾರಿಯೂ ಅದನ್ನು ಕಾಯುವ ಕ್ರಮವೂ ಬದಲಾದಾಗ, ಅದನ್ನು ಆಲಿಸಿ ಪಡೆದ ತಿಳಿವಳಿಕೆ ಕಥೆಗಿಂತ ಮೊದಲು ಮರೆಯಾಗುತ್ತದೆ. ಆದ್ದರಿಂದ ಕೆರೆಯ ಐತಿಹ್ಯಗಳನ್ನು ಸಂಗ್ರಹಿಸುವವರು ಪಠ್ಯದೊಂದಿಗೆ ಋತು, ಹೊತ್ತು, ನೀರಿನ ಮಟ್ಟ, ಕೇಳಿಬರುವ ಸದ್ದುಗಳನ್ನೂ ದಾಖಲಿಸುವುದು ಅವಶ್ಯಕ. ಹಾಗೆ ಮಾಡದಿದ್ದಲ್ಲಿ ದೇವತೆಯ ನುಡಿ ಗ್ರಂಥಗಳಲ್ಲಿ ಉಳಿದರೂ, ಅದನ್ನು ಕೇಳಿಸಿಕೊಂಡವನ ಅರಿವು ಉಳಿಯಲಾರದು.